ಬ್ರೇಕ್ ಹಾಕಿದಾಗ ನಿಮ್ಮನ್ನು ತಳ್ಳಿದ್ದು ಯಾರು?

ತೀರ್ಥಹಳ್ಳಿಯಿಂದ ಉಡುಪಿ ಕಡೆಗೆ ಹೊರಟ ಸಣ್ಣ ಬಸ್ಸು. ಆಗುಂಬೆ ಇನ್ನೂ ಬಂದಿಲ್ಲ. ಸೀಟು ಸಿಗದೆ ನಿಂತಿದ್ದೀರಿ. ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಮೊಬೈಲು. ಕಂಬಿ ಹಿಡಿಯೋಣವೆಂದರೆ ಮೂರನೇ ಕೈ ಇಲ್ಲ. ಅಷ್ಟರಲ್ಲಿ ರಸ್ತೆಗೆ ಎಮ್ಮೆಯೊಂದು ಅಡ್ಡ ಬಂತು, ಡ್ರೈವರು ಗಕ್ಕನೆ ಬ್ರೇಕ್ ತುಳಿದರು, ನೀವು ಹೋಗಿ ಮುಂದಿನವರ ಬೆನ್ನಿಗೆ ಬಿದ್ದಿರಿ. ಅದೇ ಹೊತ್ತಿಗೆ ಹಿಂದಿನ ಸೀಟಿನ ಅಜ್ಜಿಯ ಚೀಲದಿಂದ ಜಾರಿದ ನಿಂಬೆಹಣ್ಣೊಂದು ನಿಮ್ಮ ಕಾಲ ಪಕ್ಕದಲ್ಲೇ ಉರುಳುತ್ತಾ ಗೇರ್ ಬಾಕ್ಸಿನವರೆಗೂ ಓಡಿತು.

"ಯಾಕ್ರೀ ತಳ್ತೀರಿ?" ಎಂದು ಮುಂದಿನವರು ತಿರುಗಿ ಕೇಳಿದರೆ ಏನು ಹೇಳುತ್ತೀರಿ? ನಿಮ್ಮನ್ನು ಹಿಂದಿನಿಂದ ಯಾರೂ ನೂಕಲಿಲ್ಲ. ನಿಂಬೆಹಣ್ಣನ್ನೂ ಯಾರೂ ಒದೆಯಲಿಲ್ಲ. ಹಾಗಾದರೆ ಮುಂದಕ್ಕೆ ಎಸೆದ ಆ ಬಲ ಯಾವುದು?

ಅಂಥ ಬಲವೇ ಇಲ್ಲ. ನಿಜ ಹೇಳಬೇಕೆಂದರೆ ಆ ಕ್ಷಣದಲ್ಲಿ ನಿಮಗೆ ಏನೂ ಆಗಲಿಲ್ಲ, ಆದದ್ದೆಲ್ಲ ಬಸ್ಸಿಗೆ. ಬಸ್ಸಿನ ಜೊತೆ ನೀವೂ ಗಂಟೆಗೆ 40 ಕಿಲೋಮೀಟರು ಓಡುತ್ತಿದ್ದಿರಿ. ಬ್ರೇಕು ಹಿಡಿದದ್ದು ಚಕ್ರವನ್ನು, ನಿಮ್ಮನ್ನಲ್ಲ. ನೆಲಕ್ಕೆ ಕಚ್ಚಿಕೊಂಡಿದ್ದ ನಿಮ್ಮ ಪಾದ ಬಸ್ಸಿನೊಂದಿಗೆ ನಿಧಾನವಾಯಿತು. ಸೊಂಟದಿಂದ ಮೇಲಿನ ದೇಹಕ್ಕೆ ಆ ಸುದ್ದಿ ತಲುಪುವ ಹೊತ್ತಿಗೆ ತಡವಾಗಿತ್ತು. ಅದು ಮೊದಲಿನ ವೇಗದಲ್ಲೇ ಮುಂದೆ ಹೋಯಿತು. ನಿಂಬೆಹಣ್ಣಿಗಂತೂ ಕಚ್ಚಿಕೊಳ್ಳಲು ಪಾದವೂ ಇಲ್ಲ. ಅದು ತನ್ನ ಪಾಡಿಗೆ ಹೋಗುತ್ತಿದ್ದಂತೆಯೇ ಹೋಯಿತು.

ಈ ಗುಣಕ್ಕೆ ನಮ್ಮ ಪಠ್ಯಪುಸ್ತಕಗಳು ಇಟ್ಟಿರುವ ಹೆಸರು ಜಡತ್ವ. ನನಗೆ ಈ ಪದದ ಮೇಲೆ ಸಣ್ಣದೊಂದು ತಕರಾರಿದೆ. ಜಡ ಎಂದ ಕೂಡಲೇ ನಮಗೆ ಕಾಣುವುದು ಅಲುಗದೆ ಬಿದ್ದಿರುವ ಬಂಡೆ. ಹಾಗಾಗಿ ನಿಂತದ್ದು ನಿಂತೇ ಇರುವುದು ಜಡತ್ವ ಎಂಬಷ್ಟು ಮಾತ್ರ ಮನಸ್ಸಿನಲ್ಲಿ ಉಳಿಯುತ್ತದೆ, ಓಡುತ್ತಿರುವುದು ಓಡುತ್ತಲೇ ಇರುವುದೂ ಜಡತ್ವವೇ ಎಂಬುದು ಮರೆತುಹೋಗುತ್ತದೆ. ಹಠ ಎಂದು ಕರೆದಿದ್ದರೆ ಚೆನ್ನಾಗಿತ್ತೇನೋ. ವಸ್ತು ಹೇಗಿದೆಯೋ ಹಾಗೇ ಇರುತ್ತೇನೆ ಎಂದು ಹಠ ಹಿಡಿಯುತ್ತದೆ. ಆ ಹಠ ಮುರಿಯಲು ಬೇಕಾದದ್ದೇ ಬಲ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು, ಏಕೆಂದರೆ ಈ ಮಾತು ನಮ್ಮ ದಿನನಿತ್ಯದ ಅನುಭವಕ್ಕೆ ನೇರವಾಗಿ ವಿರುದ್ಧ. ಬೀರುವನ್ನು ತಳ್ಳಿದರೆ ಸರಿಯುತ್ತದೆ, ಕೈ ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಎತ್ತು ಎಳೆದರೆ ಗಾಡಿ ಸಾಗುತ್ತದೆ, ಎತ್ತು ನಿಂತರೆ ಗಾಡಿಯೂ ನಿಲ್ಲುತ್ತದೆ. ಇದನ್ನೆಲ್ಲ ನೋಡಿದವರು ಚಲನೆ ಬೇಕೆಂದರೆ ಬಲ ಬೇಕೇ ಬೇಕು ಎಂದೇ ತೀರ್ಮಾನಿಸುತ್ತಾರೆ. ಗ್ರೀಸಿನ ಅರಿಸ್ಟಾಟಲ್ ಹಾಗೆಯೇ ಯೋಚಿಸಿದ್ದ, ಸುಮಾರು ಎರಡು ಸಾವಿರ ವರ್ಷ ಜನ ಅದನ್ನೇ ಬಹುಮಟ್ಟಿಗೆ ಒಪ್ಪಿದ್ದರು. ಪರೀಕ್ಷೆಯಲ್ಲಿ ನ್ಯೂಟನ್ನನ ನಿಯಮವನ್ನು ಒಂದಕ್ಷರ ತಪ್ಪದೆ ಬರೆಯುವ ಹುಡುಗರೂ ಮನಸ್ಸಿನೊಳಗೆ ಅರಿಸ್ಟಾಟಲನ ಕಡೆಯವರೇ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಘರ್ಷಣೆ ತುಂಬಿದ ಲೋಕದಲ್ಲಿ ಹುಟ್ಟಿದವರಿಗೆ ಹಾಗನ್ನಿಸುವುದೇ ಸಹಜ.

ತಪ್ಪು ಎಲ್ಲಿದೆ ಎಂದು ನೋಡಲು ಕೇರಂ ಬೋರ್ಡು ಸಾಕು. ಪೌಡರ್ ಹಾಕದ ಬೋರ್ಡಿನ ಮೇಲೆ ಸ್ಟ್ರೈಕರ್ ಹೊಡೆಯಿರಿ, ಅರ್ಧ ದಾರಿಯಲ್ಲೇ ಸುಸ್ತಾಗುತ್ತದೆ. ಪೌಡರ್ ಉದುರಿಸಿ ಅಷ್ಟೇ ಜೋರಾಗಿ ಹೊಡೆಯಿರಿ, ಆಚೆ ಪಟ್ಟಿಗೆ ಬಡಿದು ಹಿಂದಕ್ಕೂ ಬರುತ್ತದೆ. ಬೆರಳು ಕೊಟ್ಟ ಹೊಡೆತ ಎರಡು ಸಲವೂ ಒಂದೇ. ಬದಲಾದದ್ದು ಬೋರ್ಡು ಸ್ಟ್ರೈಕರನ್ನು ಹಿಂದಕ್ಕೆ ಎಳೆಯುವ ಘರ್ಷಣೆ ಮಾತ್ರ. ಅದನ್ನು ಇನ್ನಷ್ಟು ಕಡಿಮೆ ಮಾಡಿದರೆ? ಪೂರ್ತಿ ಇಲ್ಲವಾಗಿಸಿದರೆ? ಸ್ಟ್ರೈಕರ್ ನಿಲ್ಲಲು ಕಾರಣವೇ ಉಳಿಯುವುದಿಲ್ಲ.

ಇಟಲಿಯ ಗೆಲಿಲಿಯೋ ಕೇಳಿಕೊಂಡದ್ದೂ ಇದೇ ಪ್ರಶ್ನೆ. ಅವನ ಬಳಿ ಕೇರಂ ಬೋರ್ಡು ಇರಲಿಲ್ಲ, ಇಳಿಜಾರು ಹಲಗೆಗಳಿದ್ದವು. ಒಂದು ಇಳಿಜಾರಿನಿಂದ ಗುಂಡನ್ನು ಬಿಟ್ಟರೆ ಅದು ಎದುರಿನ ಏರನ್ನು ಹತ್ತಿ, ಹೊರಟ ಎತ್ತರದ ಹತ್ತಿರಕ್ಕೇ ಹೋಗಿ ನಿಲ್ಲುತ್ತದೆ. ಎದುರಿನ ಏರನ್ನು ಸ್ವಲ್ಪ ತಗ್ಗಿಸಿದರೆ ಅದೇ ಎತ್ತರ ಮುಟ್ಟಲು ಗುಂಡು ಹೆಚ್ಚು ದೂರ ಓಡಬೇಕು. ಇನ್ನೂ ತಗ್ಗಿಸಿದರೆ ಇನ್ನೂ ದೂರ. ಪೂರ್ತಿ ಚಪ್ಪಟೆ ಮಾಡಿಬಿಟ್ಟರೆ ಆ ಎತ್ತರ ಎಂದೂ ಸಿಗುವುದಿಲ್ಲ. ಗುಂಡು ಓಡುತ್ತಲೇ ಇರಬೇಕು. ಗೆಲಿಲಿಯೋ 1642ರಲ್ಲಿ ತೀರಿಕೊಂಡ. 1687ರಲ್ಲಿ ನ್ಯೂಟನ್ ಪ್ರಕಟಿಸಿದ ಲ್ಯಾಟಿನ್ ಗ್ರಂಥದಲ್ಲಿ ಇದೇ ವಿಚಾರ ಚಲನೆಯ ಮೊದಲ ನಿಯಮವಾಗಿ ಕೂತಿತು: ಹೊರಗಿನ ಬಲ ಬೀಳದಿದ್ದರೆ ನಿಂತ ವಸ್ತು ನಿಂತೇ ಇರುತ್ತದೆ, ಚಲಿಸುವ ವಸ್ತು ಅದೇ ವೇಗದಲ್ಲಿ, ನೇರ ಗೆರೆಯಲ್ಲಿ ಚಲಿಸುತ್ತಲೇ ಇರುತ್ತದೆ.

ಅಂದರೆ ಬಲ ಬೇಕಾದದ್ದು ಚಲನೆಗಲ್ಲ, ಚಲನೆಯ ಬದಲಾವಣೆಗೆ. ಈ ಲೇಖನದಲ್ಲಿ ನೆನಪಿಡಬೇಕಾದ ವಾಕ್ಯ ಇದೊಂದೇ. ಮಿಕ್ಕದ್ದೆಲ್ಲ ಇದರ ಬಾಲ ಹಿಡಿದು ಬರುತ್ತದೆ.

ಹಾಗಾದರೆ ನೇರ ರಸ್ತೆಯಲ್ಲಿ ಒಂದೇ ಸಮನೆ 50ರಲ್ಲಿ ಓಡುವ ಬಸ್ಸಿಗೆ ಡೀಸೆಲ್ ಯಾಕೆ ಎಂದು ಜಾಣರು ಕೇಳಬಹುದು. ಗಾಳಿ ಬಸ್ಸನ್ನು ಹಿಂದಕ್ಕೆ ತಳ್ಳುತ್ತಿದೆ, ಟೈರಿನ ಉರುಳುವಿಕೆಯಲ್ಲಿ, ಗಾಲಿಯ ಅಚ್ಚಿನಲ್ಲಿ ಘರ್ಷಣೆ ಇದೆ. ಡೀಸೆಲ್ ಈ ತೆರಿಗೆ ಕಟ್ಟಲು ಖರ್ಚಾಗುತ್ತದೆ. ಮುಂದಕ್ಕೆ ಎಷ್ಟು ಬಲವೋ ಹಿಂದಕ್ಕೂ ಅಷ್ಟೇ. ಎರಡನ್ನೂ ಕೂಡಿ ಕಳೆದರೆ ಬಸ್ಸಿನ ಮೇಲಿನ ನಿವ್ವಳ ಬಲ ಸೊನ್ನೆ. ಡಿಪೋದಲ್ಲಿ ನಿಂತ ಬಸ್ಸಿನ ಮೇಲೂ ನಿವ್ವಳ ಬಲ ಸೊನ್ನೆಯೇ. ಬಲದ ಲೆಕ್ಕದಲ್ಲಿ ಇವೆರಡಕ್ಕೂ ವ್ಯತ್ಯಾಸವಿಲ್ಲ. ಒಂದೇ ವೇಗದಲ್ಲಿ ಸಾಗುವ ರೈಲಿನಲ್ಲಿ ಕಣ್ಣು ಮುಚ್ಚಿ ಕೂತರೆ ಓಡುತ್ತಿದ್ದೇವೋ ನಿಂತಿದ್ದೇವೋ ಎಂದು ಗೊತ್ತಾಗದಿರುವುದು ಇದಕ್ಕೇ. ಭೂಮಿ ತನ್ನ ಸುತ್ತ ತಿರುಗುವಾಗ ಕರ್ನಾಟಕದಲ್ಲಿ ಕೂತ ನಮ್ಮನ್ನು ಗಂಟೆಗೆ ಸುಮಾರು 1,600 ಕಿಲೋಮೀಟರು ವೇಗದಲ್ಲಿ ಪೂರ್ವಕ್ಕೆ ಒಯ್ಯುತ್ತಿದೆ. ಆದರೂ ಲೋಟದ ಕಾಫಿ ತುಳುಕುವುದಿಲ್ಲ. ಮೈಗೆ ತಿಳಿಯುವುದು ವೇಗವಲ್ಲ, ವೇಗ ಬದಲಾಗುವುದು.

ವೇಗ ಬದಲಾಗುವ ದರಕ್ಕೆ ವೇಗೋತ್ಕರ್ಷ ಎಂದು ಹೆಸರು. ಹೆಸರು ಕೇಳಿ ಹೆದರಬೇಡಿ. ಡ್ರೈವರ್ ಮುಂದಿನ ಕನ್ನಡಿಗೆ ದಾರದಲ್ಲಿ ಕಟ್ಟಿದ ನಿಂಬೆಹಣ್ಣೊಂದು ತೂಗುತ್ತಿದ್ದರೆ ಅದೇ ವೇಗೋತ್ಕರ್ಷ ಅಳೆಯುವ ಯಂತ್ರ. ಬಸ್ಸು ಹೊರಡುವಾಗ ದಾರ ಹಿಂದಕ್ಕೆ ವಾಲುತ್ತದೆ, ಬ್ರೇಕ್ ಹಾಕಿದಾಗ ಮುಂದಕ್ಕೆ, ಸಮವೇಗದಲ್ಲಿ ನೆಟ್ಟಗೆ ನಿಲ್ಲುತ್ತದೆ. ದಾರ ಒಂದೇ ಸಮನೆ 10 ಡಿಗ್ರಿ ಹಿಂದಕ್ಕೆ ವಾಲಿದ್ದರೆ ಬಸ್ಸಿನ ವೇಗ ಪ್ರತಿ ಸೆಕೆಂಡಿಗೆ ಸುಮಾರು 1.7 ಮೀಟರ್/ಸೆಕೆಂಡಿನಷ್ಟು ಏರುತ್ತಿದೆ ಎಂದರ್ಥ. ದೃಷ್ಟಿ ತಾಗದಿರಲೆಂದು ಕಟ್ಟಿದ ನಿಂಬೆಹಣ್ಣು ಇಷ್ಟೆಲ್ಲ ಕೆಲಸ ಮಾಡುತ್ತದೆಂದು ಡ್ರೈವರಿಗೂ ಗೊತ್ತಿರಲಾರದು.

ಎಷ್ಟು ಬಲಕ್ಕೆ ಎಷ್ಟು ಬದಲಾವಣೆ? ನ್ಯೂಟನ್ನನ ಎರಡನೇ ನಿಯಮ ಹೇಳುವುದು ಇದನ್ನೇ: ಬಲ = ರಾಶಿ × ವೇಗೋತ್ಕರ್ಷ. ರಾಶಿ ಎಂದರೆ ವಸ್ತುವಿನಲ್ಲಿರುವ ಹಠದ ಪ್ರಮಾಣ, ಕಿಲೋಗ್ರಾಂ ಲೆಕ್ಕದಲ್ಲಿ. ಜನರನ್ನೂ ಸೇರಿಸಿ 6,000 ಕಿಲೋ ಇರುವ ಬಸ್ಸು 10 ಸೆಕೆಂಡಿನಲ್ಲಿ ಸೊನ್ನೆಯಿಂದ ಗಂಟೆಗೆ 36 ಕಿಲೋಮೀಟರಿಗೆ, ಅಂದರೆ ಸೆಕೆಂಡಿಗೆ 10 ಮೀಟರಿಗೆ ಏರಬೇಕೆನ್ನಿ. ವೇಗೋತ್ಕರ್ಷ 1, ಬೇಕಾದ ನಿವ್ವಳ ಬಲ 6,000 ನ್ಯೂಟನ್. ಅಷ್ಟೇ ಬಲವನ್ನು 12,000 ಕಿಲೋದ ಲಾರಿಗೆ ಕೊಟ್ಟರೆ ಅದೇ ವೇಗ ಮುಟ್ಟಲು 20 ಸೆಕೆಂಡು ಹಿಡಿಯುತ್ತದೆ. ಒಂದು ನ್ಯೂಟನ್ ಎಂದರೆ ಎಷ್ಟು ಎಂಬ ಅಂದಾಜು ಬೇಕೆಂದರೆ 100 ಗ್ರಾಂ ಬೆಣ್ಣೆ ಪೊಟ್ಟಣವನ್ನು ಅಂಗೈ ಮೇಲೆ ಇಟ್ಟುಕೊಳ್ಳಿ. ಅದು ಒತ್ತುವುದು ಹೆಚ್ಚುಕಡಿಮೆ ಒಂದು ನ್ಯೂಟನ್ ಬಲದಿಂದ.

ಈಗ ಎಮ್ಮೆ ಅಡ್ಡ ಬಂದ ಜಾಗಕ್ಕೆ ಹಿಂತಿರುಗೋಣ. ಬ್ರೇಕು ಬಸ್ಸಿನ ವೇಗವನ್ನು ಸೆಕೆಂಡಿಗೆ 5 ಮೀಟರ್/ಸೆಕೆಂಡಿನಂತೆ ಇಳಿಸಿತು ಎನ್ನಿ. ನೀವು 50 ಕಿಲೋ ಇದ್ದರೆ ನಿಮ್ಮನ್ನೂ ಬಸ್ಸಿನ ಜೊತೆ ನಿಲ್ಲಿಸಲು 250 ನ್ಯೂಟನ್ ಬೇಕು. ಅದು 25 ಕಿಲೋ ಅಕ್ಕಿ ಮೂಟೆಯ ತೂಕ. ಕಂಬಿ ಹಿಡಿದಿದ್ದರೆ ಅದನ್ನು ನಿಮ್ಮ ಕೈ ಹೊರುತ್ತಿತ್ತು. ಹಿಡಿದಿರಲಿಲ್ಲ, ಹಾಗಾಗಿ ಮುಂದಿನವರ ಬೆನ್ನು ಹೊತ್ತಿತು. ಅವರು ಸಿಟ್ಟಾದದ್ದರಲ್ಲಿ ತಪ್ಪಿಲ್ಲ. ಕಂಡಕ್ಟರನ್ನು ನೋಡಿ: ಎರಡೂ ಕೈಯಲ್ಲಿ ಟಿಕೆಟ್ ಮಷೀನು, ಚಿಲ್ಲರೆ. ಆದರೂ ಬೀಳುವುದಿಲ್ಲ. ಒಂದು ಕಾಲು ಮುಂದೆ, ಒಂದು ಹಿಂದೆ, ಸೊಂಟ ಸೀಟಿನ ಅಂಚಿಗೆ ಒರಗಿದೆ. ಆ 250 ನ್ಯೂಟನ್ ಎಲ್ಲಿಂದ ತೆಗೆದುಕೊಳ್ಳಬೇಕೆಂದು ವರ್ಷಗಳ ರೂಢಿಯಿಂದ ಆ ದೇಹಕ್ಕೆ ಗೊತ್ತು.

ಇದೇ ನಿಯಮವನ್ನು ಸ್ವಲ್ಪ ತಿರುಗಿಸಿ ಹೇಳಿದರೆ ಇನ್ನೊಂದು ಮುಖ ಕಾಣುತ್ತದೆ. ರಾಶಿಯನ್ನು ವೇಗದಿಂದ ಗುಣಿಸಿದರೆ ಬರುವುದು ಸಂವೇಗ. ಸಂವೇಗ ಎಷ್ಟು ಬೇಗ ಬದಲಾಗುತ್ತದೆ ಎಂಬುದೇ ಬಲ. ಸುಮಾರು 160 ಗ್ರಾಂ ತೂಗುವ ಲೆದರ್ ಚೆಂಡು ಸೆಕೆಂಡಿಗೆ 30 ಮೀಟರು ವೇಗದಲ್ಲಿ ಕೈಗೆ ಬಂತು. ಕೈಯನ್ನು ಗಟ್ಟಿಯಾಗಿ ಮುಂದೆ ಹಿಡಿದು 0.02 ಸೆಕೆಂಡಿನಲ್ಲಿ ನಿಲ್ಲಿಸಿದರೆ ಅಂಗೈಗೆ 240 ನ್ಯೂಟನ್ ಪೆಟ್ಟು. ಚೆಂಡಿನ ಜೊತೆ ಕೈಯನ್ನೂ ಹಿಂದಕ್ಕೆ ಎಳೆಯುತ್ತಾ 0.1 ಸೆಕೆಂಡು ತೆಗೆದುಕೊಂಡರೆ 48 ನ್ಯೂಟನ್ ಅಷ್ಟೇ. ಚೆಂಡು ಅದೇ, ವೇಗ ಅದೇ, ನೋವು ಐದರಲ್ಲಿ ಒಂದು ಪಾಲು. ಹೆಲ್ಮೆಟ್ಟಿನ ಒಳಗಿನ ಥರ್ಮಕೋಲ್ ಮಾಡುವುದೂ ಇಷ್ಟನ್ನೇ: ತಾನು ಜಜ್ಜಿಹೋಗಿ, ತಲೆ ನಿಲ್ಲುವುದಕ್ಕೆ ಸೆಕೆಂಡಿನ ಕೆಲವು ಸಾವಿರದ ಭಾಗಗಳಷ್ಟು ಹೆಚ್ಚುವರಿ ಸಮಯ ಕೊಡುತ್ತದೆ. ಬೆಲ್ಟು ಬಿಗಿಯದ ಹೆಲ್ಮೆಟ್ ಆ ಸಮಯವನ್ನು ಕೊಡುವ ಮೊದಲೇ ಹಾರಿಹೋಗುತ್ತದೆ.

ಬ್ರೇಕಿನ ಬಗ್ಗೆ ಇನ್ನೊಂದು ಲೆಕ್ಕ, ಬೈಕ್ ಕಲಿಯಲು ಕಾಯುತ್ತಿರುವವರಿಗಾಗಿ. ಅದೇ ಬ್ರೇಕಿನಲ್ಲಿ ಗಂಟೆಗೆ 36 ಕಿಲೋಮೀಟರಿನಿಂದ ನಿಲ್ಲಲು 10 ಮೀಟರು ಬೇಕು. ವೇಗ ಎರಡು ಪಟ್ಟಾಗಿ 72 ಆದರೆ 20 ಮೀಟರು ಸಾಕೇ? ಸಾಲದು, 40 ಬೇಕು. ನಿಲ್ಲಲು ಎರಡು ಪಟ್ಟು ಸಮಯ ಹಿಡಿಯುತ್ತದೆ, ಆ ಸಮಯದಲ್ಲೆಲ್ಲ ಸರಾಸರಿ ಎರಡು ಪಟ್ಟು ವೇಗದಲ್ಲಿ ಓಡುತ್ತಿರುತ್ತೀರಿ, ಎರಡೆರಡಲೆ ನಾಲ್ಕು. ಬ್ರೇಕಿನ ಮೇಲೆ ಕಾಲಿಡುವ ಮೊದಲು ಗಾಬರಿಯಲ್ಲಿ ಕಳೆಯುವ ಒಂದು ಸೆಕೆಂಡಿನ ದೂರವನ್ನು ಇದಕ್ಕೆ ಇನ್ನೂ ಸೇರಿಸಿಲ್ಲ.

ಬಸ್ಸು ಆಗುಂಬೆ ದಾಟಿ ಘಾಟಿ ಇಳಿಯತೊಡಗಿತು. ಹೇರ್‌ಪಿನ್ ತಿರುವುಗಳು 14. ಬಸ್ಸು ಎಡಕ್ಕೆ ತಿರುಗಿದರೆ ಎಲ್ಲರೂ ಬಲಕ್ಕೆ ವಾಲುತ್ತಾರೆ, ಬಲಕ್ಕೆ ತಿರುಗಿದರೆ ಎಡಕ್ಕೆ. ಇಲ್ಲಿಯೂ ಹೊರಕ್ಕೆ ತಳ್ಳುವವರು ಯಾರೂ ಇಲ್ಲ ಎಂದು ನೀವೀಗ ಊಹಿಸಿರಬೇಕು. ನಿಯಮದಲ್ಲಿದ್ದ 'ನೇರ ಗೆರೆಯಲ್ಲಿ' ಎಂಬ ಮಾತು ಕೆಲಸಕ್ಕೆ ಬರುವುದು ಇಲ್ಲೇ. ಪಠ್ಯಪುಸ್ತಕ ಜವ ಮತ್ತು ವೇಗ ಎಂದು ಎರಡು ಪದ ಇಟ್ಟುಕೊಂಡಿರುವುದೂ ಇದೇ ಕಾರಣಕ್ಕೆ. ಜವ ಎಂದರೆ ಸ್ಪೀಡೋಮೀಟರ್ ತೋರಿಸುವ ಸಂಖ್ಯೆ ಮಾತ್ರ; ವೇಗ ಎಂದರೆ ಆ ಸಂಖ್ಯೆಯ ಜೊತೆಗೆ ದಿಕ್ಕೂ. ಮುಳ್ಳು 20ರಲ್ಲೇ ನಿಂತಿದ್ದರೂ ದಿಕ್ಕು ಬದಲಾದರೆ ವೇಗ ಬದಲಾಯಿತು. ವೇಗ ಬದಲಾಯಿತೆಂದರೆ ಎಲ್ಲಿಂದಲೋ ಬಲ ಬೇಕು. ನಿಮ್ಮ ದೇಹ ನೇರ ಹೋಗಲು ನೋಡುತ್ತದೆ, ಅಡ್ಡ ಬಂದ ಸೀಟಿನ ಕಂಬಿ ನಿಮ್ಮನ್ನು ತಿರುವಿನ ಒಳಕ್ಕೆ ತಳ್ಳುತ್ತದೆ.

ಬಸ್ಸನ್ನು ಒಳಕ್ಕೆ ತಳ್ಳುವವರು ಯಾರು? ರಸ್ತೆ, ಟೈರಿನ ಘರ್ಷಣೆಯ ಮೂಲಕ. ತಿರುವಿನ ತ್ರಿಜ್ಯ 15 ಮೀಟರ್ ಎಂದಿಟ್ಟುಕೊಳ್ಳಿ. ಬೇಕಾದ ವೇಗೋತ್ಕರ್ಷ ಎಂದರೆ ಜವದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದಷ್ಟು. ಗಂಟೆಗೆ 18 ಕಿಲೋಮೀಟರಿಗೆ ಅದು 1.7, ಗಂಟೆಗೆ 36ಕ್ಕೆ 6.7. ಒಣ ಡಾಂಬರು ಸುಮಾರು 7ರವರೆಗೆ ಕೊಡಬಲ್ಲದು. ಮಳೆ ಬಿದ್ದು ಒದ್ದೆಯಾದರೆ 4ರ ಆಸುಪಾಸಿಗೆ ಇಳಿಯಬಹುದು. ಬೇಸಗೆಯಲ್ಲಿ ಹೇಗೋ ತಿರುಗಿದ ವೇಗದಲ್ಲೇ ಜುಲೈನಲ್ಲಿ ತಿರುಗಲು ಹೋದರೆ ಗಾಡಿ ತಿರುಗುವುದಿಲ್ಲ. ಮೊದಲ ನಿಯಮಕ್ಕೆ ವಿಧೇಯವಾಗಿ ನೇರ ಹೋಗುತ್ತದೆ. ಆ ನೇರಕ್ಕೆ ಏನಿದೆ ಎಂದು ಘಾಟಿ ನೋಡಿದವರಿಗೆ ಹೇಳಬೇಕಿಲ್ಲ.

ಘರ್ಷಣೆಯನ್ನು ಇಲ್ಲಿಯತನಕ ವಿಲನ್ ಮಾಡಿದ್ದೆ. ಈಗ ಅದೇ ಹೀರೋ. ಮೂರನೇ ನಿಯಮಕ್ಕೆ ಬಂದರೆ ಅದರ ಪಾತ್ರ ಇನ್ನೂ ದೊಡ್ಡದಾಗುತ್ತದೆ.

"ಪ್ರತಿ ಕ್ರಿಯೆಗೂ ಸಮನಾದ, ವಿರುದ್ಧವಾದ ಪ್ರತಿಕ್ರಿಯೆ ಇರುತ್ತದೆ." ಇಷ್ಟು ಬಾಯಿಪಾಠವಾದ, ಇಷ್ಟು ತಪ್ಪಾಗಿ ಬಳಕೆಯಾಗುವ ವಾಕ್ಯ ಇನ್ನೊಂದಿಲ್ಲ. ಕೆಟ್ಟದ್ದು ಮಾಡಿದವನಿಗೆ ಕೆಟ್ಟದ್ದಾಯಿತು ಎನ್ನುವಲ್ಲಿಗೂ ಇದನ್ನು ಎಳೆದು ತರುತ್ತಾರೆ. ಅದು ಕರ್ಮದ ಮಾತು, ನ್ಯೂಟನ್ನನದಲ್ಲ. ಮೊದಲು ಕ್ರಿಯೆ, ಆಮೇಲೆ ಪ್ರತಿಕ್ರಿಯೆ ಎಂಬ ಸರದಿ ಇಲ್ಲಿಲ್ಲ; ಎರಡೂ ಒಂದೇ ಕ್ಷಣದಲ್ಲಿ ಹುಟ್ಟುತ್ತವೆ, ಒಂದೇ ಕ್ಷಣದಲ್ಲಿ ಸಾಯುತ್ತವೆ. ನಾನು ಗೋಡೆಯನ್ನು ತಳ್ಳಿದರೆ ಗೋಡೆ ನನ್ನನ್ನು ಅಷ್ಟೇ ಜೋರಾಗಿ ತಳ್ಳುತ್ತದೆ, ಅಷ್ಟೇ.

ಹಂಪಿಯ ತುಂಗಭದ್ರೆಯಲ್ಲಿ ಹರಿಗೋಲಿನಿಂದ ದಡಕ್ಕೆ ಹಾರಿದವರಿಗೆ ಇದು ಮೈಯಲ್ಲೇ ಗೊತ್ತು: ನೀವು ಮುಂದಕ್ಕೆ, ಹರಿಗೋಲು ಹಿಂದಕ್ಕೆ. ಹಗುರವಾದ ಹರಿಗೋಲಾದರೆ ಅದು ಹಿಂದೆ ಸರಿದದ್ದೇ ಹೆಚ್ಚು, ನೀವು ನೀರಿಗೆ. ನಡೆಯುವಾಗಲೂ ಇದೇ. ಕಾಲು ನೆಲವನ್ನು ಹಿಂದಕ್ಕೆ ನೂಕುತ್ತದೆ, ನೆಲ ನಮ್ಮನ್ನು ಮುಂದಕ್ಕೆ ನೂಕುತ್ತದೆ. ಬಸ್ಸಿನ ಚಕ್ರ ರಸ್ತೆಯನ್ನು ಹಿಂದಕ್ಕೆ ತಳ್ಳುತ್ತದೆ, ರಸ್ತೆ ಬಸ್ಸನ್ನು ಮುಂದಕ್ಕೆ ತಳ್ಳುತ್ತದೆ. ಎಂಜಿನ್ ಚಕ್ರ ತಿರುಗಿಸಬಲ್ಲದೇ ಹೊರತು ಬಸ್ಸನ್ನು ತಾನಾಗಿ ಮುಂದೆ ದೂಡಲಾರದು. ನಂಬಿಕೆ ಬರದಿದ್ದರೆ ಕೆಸರಿನಲ್ಲಿ ಹೂತ ಟ್ರ್ಯಾಕ್ಟರ್ ನೋಡಿ: ಎಂಜಿನ್ ಅಬ್ಬರಿಸುತ್ತದೆ, ಚಕ್ರ ಗಿರ್ರನೆ ತಿರುಗುತ್ತದೆ, ಗಾಡಿ ಇದ್ದಲ್ಲೇ ಇರುತ್ತದೆ. ತಳ್ಳಿಸಿಕೊಳ್ಳಲು ಗಟ್ಟಿ ನೆಲ ಸಿಗುತ್ತಿಲ್ಲ.

ಈಗ ಹಳೆಯ ಒಗಟು. ಎತ್ತು ಗಾಡಿಯನ್ನು ಎಷ್ಟು ಬಲದಿಂದ ಎಳೆಯುತ್ತದೋ ಗಾಡಿಯೂ ಎತ್ತನ್ನು ಅಷ್ಟೇ ಬಲದಿಂದ ಹಿಂದಕ್ಕೆ ಎಳೆಯುತ್ತದೆ. ಎರಡೂ ಸಮ, ವಿರುದ್ಧ. ಕೂಡಿದರೆ ಸೊನ್ನೆ. ಮತ್ತೆ ಗಾಡಿ ಹೊರಡುವುದು ಹೇಗೆ? ಇಡೀ ತರಗತಿಯೇ ಇಲ್ಲಿ ಮೌನವಾಗುತ್ತದೆ. ಗುಟ್ಟು ಇಷ್ಟು: ಆ ಎರಡು ಬಲಗಳನ್ನು ಕೂಡುವ ಹಾಗೇ ಇಲ್ಲ, ಏಕೆಂದರೆ ಅವು ಬಿದ್ದಿರುವುದು ಬೇರೆ ಬೇರೆ ವಸ್ತುಗಳ ಮೇಲೆ. ನನ್ನ ಖರ್ಚನ್ನು ಪಕ್ಕದ ಮನೆಯವರ ಸಂಬಳದಿಂದ ಕಳೆದಂತಾಗುತ್ತದೆ. ಗಾಡಿ ಹೊರಡುತ್ತದೋ ಇಲ್ಲವೋ ಎಂದು ತಿಳಿಯಲು ಗಾಡಿಯ ಮೇಲಿನ ಬಲಗಳನ್ನಷ್ಟೇ ನೋಡಿ: ಮುಂದಕ್ಕೆ ಎತ್ತಿನ ಎಳೆತ, ಹಿಂದಕ್ಕೆ ಗಾಲಿಯ ಘರ್ಷಣೆ. ಎಳೆತ ಹೆಚ್ಚಾದರೆ ಗಾಡಿ ಹೊರಟಿತು. ಎತ್ತಿನ ಲೆಕ್ಕ ಬೇರೆ: ಹಿಂದಕ್ಕೆ ಗಾಡಿಯ ಎಳೆತ, ಮುಂದಕ್ಕೆ ಗೊರಸಿನ ಕೆಳಗಿನ ನೆಲದ ನೂಕು.

ಹಗ್ಗಜಗ್ಗಾಟದಲ್ಲೂ ಹೀಗೇ. ಹಗುರವಾದ ಹಗ್ಗ ಎರಡೂ ತಂಡವನ್ನು ಒಂದೇ ಬಲದಿಂದ ಎಳೆಯುತ್ತದೆ. ಗೆಲ್ಲುವವರು ಹಗ್ಗವನ್ನು ಹೆಚ್ಚು ಎಳೆದವರಲ್ಲ, ನೆಲವನ್ನು ಹೆಚ್ಚು ಒದ್ದವರು. ಅದಕ್ಕೇ ಅನುಭವಿಗಳು ಕೈಗಿಂತ ಮೊದಲು ಹಿಮ್ಮಡಿಯ ಬಗ್ಗೆ ಯೋಚಿಸುತ್ತಾರೆ.

ಮೇಷ್ಟ್ರುಗಳೂ ಕೆಲವೊಮ್ಮೆ ಎಡವುವ ಜಾಗ ಇನ್ನೊಂದಿದೆ. ಮೇಜಿನ ಮೇಲೆ ಪುಸ್ತಕ. ಕೆಳಕ್ಕೆ ಅದರ ತೂಕ, ಮೇಲಕ್ಕೆ ಮೇಜಿನ ಒತ್ತು. ಇವು ಕ್ರಿಯೆ ಮತ್ತು ಪ್ರತಿಕ್ರಿಯೆಯೇ? ಅಲ್ಲ. ಎರಡೂ ಒಂದೇ ಪುಸ್ತಕದ ಮೇಲಿವೆ. ತೂಕ ಎಂದರೆ ಭೂಮಿ ಪುಸ್ತಕವನ್ನು ಎಳೆಯುವ ಬಲ. ಅದರ ಜೋಡಿ, ಪುಸ್ತಕ ಭೂಮಿಯನ್ನು ಮೇಲಕ್ಕೆ ಎಳೆಯುವ ಬಲ. ಹೌದು, ಎಳೆಯುತ್ತದೆ. ಮರದಿಂದ ಬೀಳುವ ತೆಂಗಿನಕಾಯಿ ಭೂಮಿಯನ್ನು ಅಷ್ಟೇ ಬಲದಿಂದ ತನ್ನತ್ತ ಎಳೆಯುತ್ತದೆ. ಭೂಮಿಯ ರಾಶಿ 6ರ ಮುಂದೆ 24 ಸೊನ್ನೆ ಹಾಕಿದಷ್ಟು ಕಿಲೋ ಇರುವುದರಿಂದ ಅದು ಕದಲಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಬೀಳುವುದರ ಮಾತು ಬಂದದ್ದರಿಂದ ಹೇಳುತ್ತೇನೆ. ಭೂಮಿ ಭಾರದ ವಸ್ತುವನ್ನು ಹೆಚ್ಚು ಬಲದಿಂದ ಎಳೆಯುವುದು ನಿಜ, ಆದರೆ ಭಾರದ ವಸ್ತುವಿನ ಹಠವೂ ಅಷ್ಟೇ ಹೆಚ್ಚು. ಒಂದನ್ನೊಂದು ಹೊಡೆದುಹಾಕಿ, ಗಾಳಿ ಅಡ್ಡ ಬರದಿದ್ದರೆ ತೆಂಗಿನಕಾಯಿ, ಅಡಿಕೆ ಎರಡರ ವೇಗವೂ ಸೆಕೆಂಡಿಗೆ 9.8 ಮೀಟರ್/ಸೆಕೆಂಡಿನಂತೆಯೇ ಏರುತ್ತದೆ. 1971ರಲ್ಲಿ ಅಪೊಲೊ 15ರ ಯಾತ್ರಿ ಡೇವಿಡ್ ಸ್ಕಾಟ್ ಗಾಳಿಯಿಲ್ಲದ ಚಂದ್ರನ ಮೇಲೆ ಸುತ್ತಿಗೆ ಮತ್ತು ಗರಿಯನ್ನು ಒಟ್ಟಿಗೆ ಕೈಬಿಟ್ಟಾಗ ಎರಡೂ ಒಟ್ಟಿಗೇ ನೆಲ ಮುಟ್ಟಿದವು. ಜೋಗದ ತಲೆಯಿಂದ 253 ಮೀಟರ್ ಕೆಳಕ್ಕೆ, ಗಾಳಿಯ ತಡೆ ಇಲ್ಲವೆಂದುಕೊಂಡು, ಕಲ್ಲೊಂದನ್ನು ಬಿಟ್ಟರೆ ಸುಮಾರು 7.2 ಸೆಕೆಂಡು, ತಳ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 253 ಕಿಲೋಮೀಟರು. ಮೀಟರೂ ಕಿಲೋಮೀಟರೂ ಒಂದೇ ಸಂಖ್ಯೆಗೆ ಬಂದದ್ದು ಬರೀ ಕಾಕತಾಳೀಯ, ಆದರೆ ನೆನಪಿಡಲು ಅನುಕೂಲ.

ಹಾಗಿದ್ದರೆ ಆಗುಂಬೆಯ ಮಳೆ ನಮ್ಮನ್ನು ಹೇಗೆ ಬದುಕಲು ಬಿಟ್ಟಿದೆ? ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಸುರಿಯುವ ಊರು. ಹನಿ 2 ಕಿಲೋಮೀಟರ್ ಎತ್ತರದಿಂದ ತಡೆಯಿಲ್ಲದೆ ಬಿದ್ದರೆ ನೆಲಕ್ಕೆ ಬರುವಷ್ಟರಲ್ಲಿ ಅದರ ವೇಗ ಗಂಟೆಗೆ 700 ಕಿಲೋಮೀಟರು ದಾಟಬೇಕು. ಕೊಡೆಯನ್ನೂ ತಲೆಯನ್ನೂ ತೂತು ಮಾಡಬೇಕು. ಆದರೆ ದಪ್ಪ ಹನಿಯೂ ನಮ್ಮನ್ನು ಮುಟ್ಟುವುದು ಸೆಕೆಂಡಿಗೆ ಸುಮಾರು 9 ಮೀಟರಿನಲ್ಲಿ, ಗಂಟೆಗೆ 32 ಕಿಲೋಮೀಟರು. ಹನಿ ಬೀಳತೊಡಗಿದಾಗ ಅದರ ಮೇಲಿರುವುದು ತೂಕ ಮಾತ್ರ. ವೇಗ ಏರಿದಂತೆ ಗಾಳಿಯ ತಡೆಯೂ ಏರುತ್ತದೆ. ಒಂದು ಹಂತದಲ್ಲಿ ತಡೆ ತೂಕಕ್ಕೆ ಸಮನಾಗುತ್ತದೆ. ಆಗ ಹನಿಯ ಮೇಲಿನ ನಿವ್ವಳ ಬಲ ಸೊನ್ನೆ. ಸೊನ್ನೆಯಾಯಿತೆಂದು ಹನಿ ಆಕಾಶದಲ್ಲಿ ನಿಂತುಬಿಡುತ್ತದೆಯೇ? ಅರಿಸ್ಟಾಟಲನ ಪ್ರಕಾರ ನಿಲ್ಲಬೇಕಿತ್ತು. ಅದು ವೇಗ ಏರಿಸದೆ, ಇಳಿಸದೆ, ಅದೇ ವೇಗದಲ್ಲಿ ನೆಲದವರೆಗೂ ಬರುತ್ತದೆ.

ಆ ವೇಗವನ್ನು ನೀವೇ ಅಳೆಯಬಹುದು. ಬಸ್ಸು ಸೋಮೇಶ್ವರ ದಾಟಿ ನೇರ ರಸ್ತೆಗೆ ಬಂದ ಮೇಲೆ, ಗಾಳಿ ಬೀಸದೆ ಮಳೆ ಸುರಿಯುವಾಗ ಕಿಟಕಿಯಾಚೆ ಕಪ್ಪಗೆ ಕಾಣುವ ಕಾಡಿನ ಎದುರು ಹನಿಗಳ ಗೆರೆಗಳನ್ನು ನೋಡಿ. ಬಸ್ಸು ನಿಂತಿದ್ದರೆ ಗೆರೆ ನೆಟ್ಟಗೆ, ಓಡುತ್ತಿದ್ದರೆ ಹಿಂದಕ್ಕೆ ಓರೆ. ವೇಗ ಹೆಚ್ಚಿದಂತೆ ಓರೆಯೂ ಹೆಚ್ಚುತ್ತದೆ. ಗೆರೆ ಸರಿಯಾಗಿ ಅರ್ಧ ಲಂಬಕೋನದಷ್ಟು, ಅಂದರೆ 45 ಡಿಗ್ರಿ ಓರೆಯಾದ ಕ್ಷಣದಲ್ಲಿ ಡ್ರೈವರ್ ಮುಂದಿನ ಮುಳ್ಳು ಎಲ್ಲಿದೆ ಎಂದು ಇಣುಕಿ. ಹನಿ ಬೀಳುತ್ತಿರುವ ವೇಗವೂ ಅದೇ. ಇಣುಕುವಾಗ ಮಾತ್ರ ಕಂಬಿ ಹಿಡಿದಿರಿ.